ಜಾಗಕ್ಕೆ ಸಾಲವೋ, ದುಡಿಮೆಗೆ ಸಾಲವೋ?



ಬಾರ್ಕೂರಿನಲ್ಲಿ ಹೊಲಿಗೆಯಂಗಡಿಗೆ ಇನ್ನೆರಡು ಯಂತ್ರ ಕೊಳ್ಳಬಯಸುವ ತರುಣರು ನನ್ನಲ್ಲಿ ಹೇಳಿಕೊಳ್ಳುವುದು ಒಂದೇ ಮಾತು: “ಮಾಷ್ಟ್ರೇ, ಬ್ಯಾಂಕಿನವರು ಜಾಗದ ಪತ್ರ ಕೇಳುತ್ತಾರೆ.” ಜಾಗವಿದ್ದವರಿಗಷ್ಟೇ ಸಿಗುವ ಸಾಲ ಜಾಗಕ್ಕೆ ಕೊಟ್ಟ ಸಾಲವೇ ಹೊರತು ದುಡಿಮೆಗೆ ಕೊಟ್ಟದ್ದಲ್ಲ.

ನಮ್ಮ ಜಿಲ್ಲೆಗೆ ಇದು ಶೋಭಿಸದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈಯವರು ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕಟ್ಟಿದ್ದು ಸಂಕಷ್ಟದಲ್ಲಿದ್ದ ನೇಕಾರರ ನೆರವಿಗಾಗಿ. 1928ರಲ್ಲಿ ಪಿಗ್ಮಿ ಆರಂಭವಾದಾಗ ಅದರ ಪ್ರತಿನಿಧಿಗಳು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿದರು. ದಿನವೂ ಪಿಗ್ಮಿ ಕಟ್ಟುವವನ ಪ್ರಾಮಾಣಿಕತೆಗೆ ಬೇರೆ ಸಾಕ್ಷಿ ಬೇಕೇ? ಆ ಬ್ಯಾಂಕಿನ ಹೆಸರು 2020ರ ವಿಲೀನದಲ್ಲಿ ಮರೆಯಾಯಿತು. ಆ ದೃಷ್ಟಿ ಮರೆಯಾಗಬಾರದು.

ನಿಯಮವೇನೂ ಅಡ್ಡಿಯಾಗಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಸಾಲಕ್ಕೆ ಅಡಮಾನ ಬೇಕಿಲ್ಲ. ಆದರೂ ಪತ್ರ ಕೇಳುವುದು ಆಲಸ್ಯವಲ್ಲದೆ ಮತ್ತೇನು? “ಸಾಲ ಮುಳುಗಿದರೆ ಉತ್ತರಿಸಬೇಕಾದವರು ನಾವು” ಎನ್ನುವಿರಿ. ನಿಜ. ಆದ್ದರಿಂದಲೇ ಅಂಗಡಿಯವರೆಗೆ ನಡೆದುಹೋಗಿ, ವ್ಯಾಪಾರದ ಲೆಕ್ಕ ನೋಡಿ.

ಬ್ಯಾಂಕಿನ ಕುರ್ಚಿಯಲ್ಲಿ ಕುಳಿತಿರುವ ನನ್ನ ಶಿಷ್ಯರಲ್ಲಿ ಇಷ್ಟೇ ಕೇಳುತ್ತೇನೆ: ಯೋಗ್ಯನಾದರೆ ಸಾಲ ಕೊಡಿ, ಇಲ್ಲವಾದರೆ ಕಾರಣವನ್ನು ಬರೆದು ಕೊಡಿ. ಸುಮ್ಮನೆ ಅಲೆದಾಡಿಸಬೇಡಿ.