ಕೋಚ್ ಹೋದರು, ಹುಡುಗ ಬರಲಿಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡಲ್ಲ. ಚೆಂಡು ಕೈಲಿ ಹಿಡಿದು, ಎದುರಾಳಿಗೆ ಡಿಕ್ಕಿ ಹೊಡೆದು ನುಗ್ಗೋ ಆಟ. ಗೆಲ್ಲಿಸಿದ ಕೋಚ್ ಅಲ್ಲಿ ದೇವರು. ಸೋತರೆ ಗಂಟುಮೂಟೆ ಕಟ್ಟಬೇಕು. ಆದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಚ್ ಕೆಲಸ ಕಳಕೊಂಡದ್ದು ಸೋಲಿಗಲ್ಲ, ಒಂದು ಸಾವಿಗೆ.

2018ರ ಮೇ 29. ತಾಲೀಮಿನಲ್ಲಿ 110 ಗಜದ ಓಟ, ಹತ್ತು ಸಲ. 19 ವರ್ಷದ ಜೋರ್ಡನ್ ಮೆಕ್‌ನೇರ್ ಕೈಲಾಗದೆ ಕುಸಿದ. ಮೈ ಕಾವೇರಿ ಹೀಟ್‌ಸ್ಟ್ರೋಕ್ ಆಗಿತ್ತು. ಕೂಡಲೇ ತಣ್ಣೀರ ತೊಟ್ಟಿಯಲ್ಲಿ ಕೂರಿಸಿದರೆ ಇಂಥವರು ಬದುಕೋದೇ ಹೆಚ್ಚು. ಯಾರೂ ಕೂರಿಸಲಿಲ್ಲ. ಆಂಬುಲೆನ್ಸ್ ಹೊರಡೋ ಹೊತ್ತಿಗೆ ಒಂದೂವರೆ ತಾಸು ದಾಟಿತ್ತು. ಜೂನ್ 13ಕ್ಕೆ ಹುಡುಗ ತೀರಿಕೊಂಡ.

ಕಸರತ್ತಿನ ಕೋಚ್ ಆಗಸ್ಟಿನಲ್ಲಿ ರಾಜಿ ಹಣ ಪಡೆದು ಹೊರಟರು. ಮುಖ್ಯ ಕೋಚ್ ಡರ್ಕಿನ್ ಅವರನ್ನು ಆಡಳಿತ ಮಂಡಳಿ ಅಕ್ಟೋಬರ್ 30ರಂದು ಮತ್ತೆ ಕುರ್ಚಿಗೆ ಕೂರಿಸಿತು. ವಿದ್ಯಾರ್ಥಿಗಳು, ರಾಜಕಾರಣಿಗಳು ತಿರುಗಿಬಿದ್ದದ್ದೇ ತಡ, ಮರುದಿನವೇ ವಜಾ!

ಈಗ ಅಂಗಡಿ ಲೆಕ್ಕ ಹಾಕಿ. ಒಪ್ಪಂದದಂತೆ ವಜಾ ಆದ ಕೋಚ್‌ಗೆ ಸಲ್ಲಬೇಕಾದ ಬಾಕಿ ಸುಮಾರು 55 ಲಕ್ಷ ಡಾಲರ್. ಮಗನನ್ನು ಕಳಕೊಂಡ ತಂದೆತಾಯಿಗೆ 2021ರಲ್ಲಿ ಮಂಜೂರಾದದ್ದು 35 ಲಕ್ಷ. ಒಂದು ತೊಟ್ಟಿ, ನಾಲ್ಕು ಮೂಟೆ ಐಸಿಗೆ ಎಷ್ಟಾಗುತ್ತಿತ್ತು ಸ್ವಾಮಿ?

ಕುರ್ಚಿಯಲ್ಲಿ ಕೂತವರನ್ನು ಬದಲಾಯಿಸಿದರೆ ಸಾಲದು. ಕೋಚ್‌ನ ಹೊಟ್ಟೆಪಾಡು ಗೆಲುವಿನ ಮೇಲೆ ನಿಂತಿದೆ. ಹಾಗಿರುವಾಗ ಹುಡುಗ 'ಆಗ್ತಿಲ್ಲ' ಅಂದಾಗ 'ಸಾಕು, ನಿಲ್ಲು' ಅನ್ನೋ ಅಧಿಕಾರ ಕೋಚ್‌ನ ಹಂಗಿಲ್ಲದ ವೈದ್ಯರ ಕೈಲಿರಬೇಕು. ಮೈದಾನ ಯಾವೂರಿನದಾದರೂ ಅಷ್ಟೆ. ಮಕ್ಕಳನ್ನು ಆಟಕ್ಕೆ ಕಳಿಸೋರು ಮೊದಲು ಕೇಳಬೇಕಾದ್ದು ಕಪ್ಪು ಎಷ್ಟು ಅಂತಲ್ಲ. ತಣ್ಣೀರ ತೊಟ್ಟಿ ಎಲ್ಲಿದೆ ಅಂತ.