ಲೂಪರ್ ಅಂದ್ರೆ ಮೋಸವಂತೆ!

ಮೊನ್ನೆ ಆಫೀಸಿನ ಕಾರ್ಯಕ್ರಮದಲ್ಲಿ ಗಿಟಾರ್ ನುಡಿಸಿ ಸ್ಟೇಜ್ ಇಳಿದೆ. ಸಹೋದ್ಯೋಗಿಯೊಬ್ಬ ಕಾಫಿ ಕಪ್ ಹಿಡ್ಕೊಂಡು ಬಂದು, "ಚೆನ್ನಾಗಿತ್ತು ಗುರೂ.. ಆದ್ರೆ ಅರ್ಧ ಕೆಲಸ ಮಷೀನೇ ಮಾಡ್ತಲ್ಲ, ಮೋಸ ಅಲ್ವಾ ಅದು?" ಅಂದ. ಅಲ್ಲಿ ಹಲ್ಲು ಕಿರಿದು ಸುಮ್ಮನಾದೆ. ಉತ್ತರ ಇಲ್ಲಿ ಕೊಡ್ತಿದ್ದೀನಿ :)

ಅವನು ಹೇಳಿದ ಮಷೀನು ನನ್ನ ಲೂಪರ್ ಪೆಡಲ್. ಗೊತ್ತಿಲ್ಲದವರಿಗಾಗಿ: ಕಾಲಿಂದ ಒಮ್ಮೆ ಒತ್ತಿದರೆ ನಾವು ನುಡಿಸೋದನ್ನ ರೆಕಾರ್ಡ್ ಮಾಡಿಕೊಳ್ಳುತ್ತೆ. ಇನ್ನೊಮ್ಮೆ ಒತ್ತಿದರೆ ಅಷ್ಟನ್ನೇ ಸುತ್ತಿ ಸುತ್ತಿ ನುಡಿಸುತ್ತೆ. ಅದರ ಮೇಲೆ ಇನ್ನೊಂದು ಪದರ ಸೇರಿಸಬಹುದು, ಇಲ್ಲವೇ ಸೋಲೋ ನುಡಿಸಬಹುದು. ಅಷ್ಟೇ. ನಾನು ಹಾಕದ ಒಂದು ಸ್ವರವೂ ಅದರಿಂದ ಹೊರಗೆ ಬರೋದಿಲ್ಲ. ಮೊದಲೇ ರೆಡಿ ಮಾಡಿದ ಟ್ರ್ಯಾಕ್ ಹಾಕಿಕೊಂಡು ಕೈಯಾಡಿಸಿದ್ರೆ ಬೈಯಿರಿ, ಒಪ್ಕೋತೀನಿ. ಇದು ಅದಲ್ಲ.

ನಿನ್ನೆ ಮೊನ್ನೆಯ ಗಿಮಿಕ್ಕೂ ಅಲ್ಲ. ರಾಬರ್ಟ್ ಫ್ರಿಪ್ ಮತ್ತು ಬ್ರಿಯಾನ್ ಈನೋ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪ್ ಓಡಿಸಿ ಮಾಡಿದ ಆಲ್ಬಂ 1973ರಲ್ಲೇ ಬಂದಿತ್ತು. 2004ರಲ್ಲಿ ಕೆ.ಟಿ. ಟನ್‌ಸ್ಟಲ್ ಬಿಬಿಸಿ ಟಿವಿಯಲ್ಲಿ ಒಬ್ಬರೇ ನಿಂತು, ಗಿಟಾರಿನ ಮೈ ತಟ್ಟಿ ತಾಳ ಮಾಡ್ಕೊಂಡು, ಪದರದ ಮೇಲೆ ಪದರ ಕಟ್ಟಿ ಹಾಡಿದ್ರು. ಎಲ್ಲಾ ನೋಡೋರ ಕಣ್ಣೆದುರೇ. ಮುಚ್ಚಿಟ್ಟಿದ್ದೇನು ಬಂತು?

ನಮ್ಮ ಸಂಗೀತ ಕಚೇರಿಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಒಂದೇ ಸಮನೆ ಮಿಡಿಯುತ್ತಿರುತ್ತೆ. ಅದನ್ನ ಯಾರೂ ಮೋಸ ಅನ್ನಲ್ಲ. ಅದರೆದುರು ಶ್ರುತಿ ತಪ್ಪಿದ್ರೆ ಹಾಡೋರ ಮಾನ ಹೋಗುತ್ತೆ. ಲೂಪರ್ ತಾಳದ ವಿಷಯದಲ್ಲಿ ಅದೇ ಕೆಲಸ ಮಾಡುತ್ತೆ.

ಲೆಕ್ಕ ನೋಡಿ. ನಿಮಿಷಕ್ಕೆ 100 ಬೀಟ್ ವೇಗದಲ್ಲಿ ನಾಲ್ಕು ಬೀಟಿನ ನಾಲ್ಕು ಬಾರ್ ಅಂದ್ರೆ 16 ಬೀಟ್, 9.6 ಸೆಕೆಂಡ್. ಎರಡನೇ ಸಲ ಕಾಲು ಒತ್ತಬೇಕಾದ್ದು 16ನೇ ಬೀಟಿಗಲ್ಲ, ಮುಂದಿನ ಸುತ್ತಿನ ಒಂದನೇ ಬೀಟಿಗೆ, ಅಂದ್ರೆ ಸಮಕ್ಕೆ. 16ಕ್ಕೇ ಒತ್ತಿದ್ರೆ ಒಂದು ಬೀಟೇ ಮಾಯ (ನಮ್ಮ ಕೋಡಿನ ಆಫ್ ಬೈ ಒನ್ ಬಗ್!). ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದ್ರೂ ಪ್ರತಿ ಸುತ್ತಿನಲ್ಲೂ ಹಾಡು ಅದೇ ಜಾಗದಲ್ಲಿ ಕುಂಟುತ್ತೆ. ಇದಾ ಸುಲಭದ ದಾರಿ?

ಇನ್ನು ನನ್ನ ಕಥೆ. ಕಾಲೇಜಿನ ಬ್ಯಾಂಡಿನಲ್ಲಿ ಮೂರು ವರ್ಷ ಡ್ರಮ್ಮರ್ ಜೊತೆ ಜಗಳ ಆಡ್ತಿದ್ದೆ. "ನನ್ನ ಸೋಲೋ ಬಂದಾಗೆಲ್ಲ ನಿಧಾನ ಮಾಡ್ತೀಯ" ಅಂತ ಎಲ್ಲರೆದುರು ಬೈದಿದ್ದೆ. ಫೈನಲ್ ಇಯರ್ ಫೆಸ್ಟಿಗೆ ವಾರ ಇರೋವಾಗ ಅವನು ಸ್ಟಿಕ್ ಕೆಳಗಿಟ್ಟು ಎದ್ದು ಹೋದ. ಆಮೇಲೆ ಮಾತಿಲ್ಲ.

ಹೋದ ವರ್ಷ ಲೂಪರ್ ತಗೊಂಡೆ. ಮೊದಲ ವಾರವೇ ನೋಡ್ತೀನಿ, ಸೋಲೋ ಶುರುವಾದ ಕೂಡಲೇ ಲೂಪು ಹಿಂದೆ ಬೀಳ್ತಿದೆ! ಆದ್ರೆ ಲೂಪು ನಿಧಾನ ಆಗೋ ಹಾಗೇ ಇಲ್ವಲ್ಲ. ಓಡ್ತಿದ್ದಿದ್ದು ನಾನು. ಬೈಯೋಣ ಅಂದ್ರೆ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೋಸ ಅನ್ನೋರು ಒಮ್ಮೆ ನಾಲ್ಕು ಬಾರ್ ನುಡಿಸಿ ಕಾಲು ಒತ್ತಿ ನೋಡಿ, ಆಮೇಲೆ ಮಾತಾಡೋಣ. ಅವನ ನಂಬರ್ ಇನ್ನೂ ನನ್ನ ಫೋನಲ್ಲಿದೆ. ಇದನ್ನ ಪೋಸ್ಟ್ ಮಾಡಿ ಮೊದಲು ಅವನಿಗೆ ಫೋನ್ ಮಾಡ್ತೀನಿ.