ನಮ್ಮ ಕಾಲೇಜಿಗೊಂದು ಬರವಣಿಗೆಯ ಕೊಠಡಿ

ಕಾಲೇಜು ಎಂದಮೇಲೆ ಆಟದ ಮೈದಾನ ಬೇಕು, ವಾಚನಾಲಯ ಬೇಕು, ವಿಜ್ಞಾನ ಓದುವವರಿಗೆ ಪ್ರಯೋಗಶಾಲೆ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮ್ಮ ಪ್ರಯೋಗ ಯಾವುದು? ಇತಿಹಾಸವನ್ನೇ ಓದಲಿ, ಅರ್ಥಶಾಸ್ತ್ರವನ್ನೇ ಓದಲಿ, ಕೊನೆಗೆ ನಮ್ಮ ತಿಳಿವಳಿಕೆಯನ್ನು ಕಾಗದದ ಮೇಲೆ ಬರೆದೇ ತೋರಿಸಬೇಕು. ಬರವಣಿಗೆಯೇ ನಮ್ಮ ಪ್ರಯೋಗ. ಆ ಪ್ರಯೋಗಕ್ಕೆ ನಮ್ಮಲ್ಲಿ ಶಾಲೆಯಿಲ್ಲ. ವರ್ಷವರ್ಷವೂ ಬರೆಯುತ್ತೇವೆ, ಬರೆಯುವುದು ಹೇಗೆಂದು ಹೇಳಿಕೊಡುವ ಸ್ಥಳ ಮಾತ್ರ ಎಲ್ಲಿಯೂ ಇಲ್ಲ.

ಇದರ ಫಲವೇನೆಂಬುದನ್ನು ನಾವೆಲ್ಲ ಬಲ್ಲೆವು. ಅಸೈನ್‌ಮೆಂಟ್ ಕೊಡುತ್ತಾರೆ, ಹಿಂದಿನ ವರ್ಷದವರ ಹಾಳೆಗಳು ಕೈಯಿಂದ ಕೈಗೆ ಬರುತ್ತವೆ, ಹೆಸರು, ನೋಂದಣಿ ಸಂಖ್ಯೆ ಎರಡು ಮಾತ್ರ ಬದಲಾಗುತ್ತವೆ. ಇದನ್ನು ಸೋಮಾರಿತನವೆಂದು ಬಯ್ಯುವುದು ಸುಲಭ. ಸೋಮಾರಿತನಕ್ಕಿಂತ ಭಯವೇ ಇದಕ್ಕೆ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಸ್ವಂತ ವಾಕ್ಯ ಬರೆದರೆ ತಪ್ಪಾದೀತು, ನಾಲ್ವರು ನಕ್ಕಾರು ಎಂಬ ಭಯ. ತಿದ್ದಿದ ಹಾಳೆ ಹಿಂತಿರುಗಿ ಬಂದಾಗ ಅದರ ಮೇಲೊಂದು ಅಂಕಿ ಇರುತ್ತದೆ. ಏಕೆ ಅಷ್ಟೇ ಅಂಕ ಎಂಬುದಕ್ಕೆ ಒಂದು ಮಾತಿರುವುದಿಲ್ಲ. ಇದಕ್ಕಾಗಿ ಅಧ್ಯಾಪಕರನ್ನು ದೂರುವುದು ನ್ಯಾಯವಲ್ಲ. ನೂರಾರು ಹಾಳೆಗಳನ್ನು ಮುಂದಿಟ್ಟುಕೊಂಡ ಒಬ್ಬರು ಪ್ರತಿಯೊಬ್ಬರೊಡನೆ ಕುಳಿತು ಮಾತನಾಡುವುದಾದರೂ ಹೇಗೆ? ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಹೊರೆಯನ್ನು ಹೊತ್ತಿರುವವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು. ಅವರ ಕಷ್ಟ ಅವರಿಗೇ ಗೊತ್ತು.

ಓದಿದವರ ಮನೆಯ ಮಕ್ಕಳಿಗೆ ಈ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಬರೆದುದನ್ನು ತಂದೆಗೋ ಅಕ್ಕನಿಗೋ ತೋರಿಸಬಹುದು. ನನ್ನಂತೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ತೋರಿಸಲು ಯಾರಿದ್ದಾರೆ? ನಮ್ಮ ಮನೆಗಳಲ್ಲಿ ವ್ಯವಹಾರ ತಿರುಗುಮುರುಗು. ಅಲ್ಲಿ ತಿದ್ದುವವರಿಲ್ಲ, ಬರೆಸಿಕೊಳ್ಳುವವರು ಬೇಕಾದಷ್ಟು. ಊರಿನವರ ಲೆಕ್ಕದಲ್ಲಿ ಬಿ.ಎ. ಓದುವುದೆಂದರೆ ಅರ್ಜಿ ಬರೆಯಬಲ್ಲವರಾಗುವುದು. ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿದೆ, ತಹಶೀಲ್ದಾರರಿಗೆ ಬರೆದುಕೊಡು ಎನ್ನುತ್ತಾರೆ; ವಿಧವಾ ವೇತನ ನಿಂತುಹೋಗಿದೆ, ಒಂದು ಕಾಗದ ಗೀಚಿಕೊಡು ಎನ್ನುತ್ತಾರೆ. ಸರ್ವೆ ನಂಬರು ಯಾವುದು, ತಪ್ಪು ಎಲ್ಲಿದೆ, ಬೇಡುವುದೇನು ಎಂಬುದನ್ನು ಕ್ರಮವಾಗಿ ಹೇಳದಿದ್ದರೆ ಆ ಅರ್ಜಿ ಮೂಲೆ ಸೇರುತ್ತದೆ. ಬರವಣಿಗೆ ಅಂಕಗಳಿಗೆ ಮಾತ್ರ ಸೇರಿದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂಥ ಪ್ರಶ್ನೆಯನ್ನು ಎದುರಿಸಿದವರು ನಾವೇ ಮೊದಲಲ್ಲ. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯವು ಆ ನಗರದ ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ತನ್ನ ಬಾಗಿಲು ತೆರೆಯಿತು. ಮನೆತನದಲ್ಲಿ ಯಾರೂ ಕಾಲೇಜು ಕಾಣದಿದ್ದ ಸಾವಿರಾರು ಮಂದಿ ಒಳಬಂದರು. ಅವರ ಬರವಣಿಗೆಯನ್ನು ನೋಡಿ, ಇವರಿಗೆ ಕಾಲೇಜು ತಕ್ಕುದಲ್ಲವೆಂದವರೇ ಹೆಚ್ಚು. ಅಲ್ಲಿಯ ಸಿಟಿ ಕಾಲೇಜಿನ ಅಧ್ಯಾಪಕಿ ಮೀನಾ ಶಾನೆಸ್ಸಿ ಹಾಗೆನ್ನಲಿಲ್ಲ. ಸುಮಾರು 4,000 ಪ್ರಬಂಧಗಳನ್ನು ತಾಳ್ಮೆಯಿಂದ ಓದಿ, 1977ರಲ್ಲಿ ಒಂದು ಪುಸ್ತಕ ಬರೆದರು. ವಿದ್ಯಾರ್ಥಿಗಳು ಮಾಡುವ ತಪ್ಪುಗಳಿಗೆ ಅವುಗಳದೇ ಆದ ತರ್ಕವುಂಟು, ಅದನ್ನು ಅರಿತರೆ ಕಲಿಸುವ ದಾರಿ ಕಾಣುತ್ತದೆ ಎಂಬುದು ಅವರ ವಾದದ ಸಾರ.

ಈ ಮಾತು ನಮಗೂ ಒಪ್ಪುತ್ತದೆ. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ಉದುರಿಹೋಗುತ್ತದೆ. 'ಹಾಲು' 'ಆಲು' ಆಗುತ್ತದೆ. ಹಾಗೆ ಮಾತನಾಡುವವರು ಬರೆಯುವಾಗ ಎಚ್ಚರದಿಂದ ಹಕಾರವನ್ನು ಸೇರಿಸಲು ಹೋಗಿ 'ಆದರೆ' ಎಂಬಲ್ಲಿ 'ಹಾದರೆ' ಎಂದು ಬರೆಯುವುದುಂಟು. ನೋಡುವವರಿಗೆ ಇದು ನಗೆಪಾಟಲು. ಯೋಚಿಸಿದರೆ, ಆಡುವ ಮಾತಿಗೂ ಗ್ರಂಥದ ಮಾತಿಗೂ ಅಂತರವಿದೆಯೆಂದು ಬರೆದವರು ಅರಿತಿದ್ದಾರೆ, ಎಲ್ಲಿದೆಯೆಂಬುದಷ್ಟೇ ಅವರಿಗೆ ತಿಳಿಯದು ಎಂಬುದು ಗೊತ್ತಾಗುತ್ತದೆ. ಅದನ್ನು ತೋರಿಸಿಕೊಡಲು ಹತ್ತು ನಿಮಿಷ ಸಾಕು, ತೋರಿಸುವವರು ಬೇಕು.

ತೋರಿಸುವವರು ಯಾರು? ನಾವೇ ಎಂದು ನನ್ನ ಉತ್ತರ. ಅದೇ ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ 1970ರ ದಶಕದಲ್ಲಿ ಕೆನೆತ್ ಬ್ರಫಿ ಎಂಬ ಅಧ್ಯಾಪಕರು ವಿದ್ಯಾರ್ಥಿಗಳಿಗೇ ತರಬೇತಿ ಕೊಟ್ಟು, ಸಹಪಾಠಿಗಳ ಬರವಣಿಗೆಗೆ ನೆರವಾಗುವಂತೆ ಏರ್ಪಾಡು ಮಾಡಿದರು. ಗುರುಗಳ ಬಳಿಗೆ ಹೋಗಲು ಹಿಂಜರಿಯುವವರು ಗೆಳೆಯರ ಬಳಿಗೆ ಬರುತ್ತಾರೆ. ನೆರವಾದವರ ಬರಹವೂ ಸುಧಾರಿಸುತ್ತದೆ. ಇದು ಪರದೇಶದ ಸರಕೆಂದು ಮೂಗು ಮುರಿಯಬೇಕಾಗಿಲ್ಲ. ನಮ್ಮ ಹಳೆಯ ಕೂಲಿಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿಯ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ಕಂಡು, ತನ್ನ ಶಾಲೆಯಲ್ಲಿ ಬಲ್ಲ ಹುಡುಗರಿಂದಲೇ ಉಳಿದವರಿಗೆ ಪಾಠ ಹೇಳಿಸಿದನು. 1797ರಲ್ಲಿ ಅವನು ಅದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೇಲೆ ಅದು 'ಮದರಾಸು ಪದ್ಧತಿ' ಎಂದೇ ಹೆಸರಾಯಿತು.

ಆಕ್ಷೇಪಣೆಗಳು ಬರುವುದು ಸಹಜ. ಕುರುಡನು ಕುರುಡನ ಕೈ ಹಿಡಿದಂತಾದೀತು ಎಂದು ಕೆಲವರು ಹೇಳಬಹುದು. ಜೊತೆ ಕುಳಿತವರು ಪಂಡಿತರೇ ಆಗಬೇಕಾಗಿಲ್ಲ. ಬರೆದವರಿಂದಲೇ ಗಟ್ಟಿಯಾಗಿ ಓದಿಸಿ, ಅರ್ಥವಾಗದ ಕಡೆ ಅರ್ಥವಾಗಲಿಲ್ಲ ಎಂದು ಹೇಳಬಲ್ಲ ಓದುಗರಾದರೆ ಸಾಕು. ಸಂಶಯ ಉಳಿದರೆ ನಿಘಂಟು ಇದೆ, ಅಧ್ಯಾಪಕರಿದ್ದಾರೆ. ಬೇರೆಯವರು ಬರೆದುಕೊಟ್ಟಾರು ಎಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ಒಂದೇ ಕಟ್ಟಳೆ: ನೆರವಾಗುವವರು ಪೆನ್ನು ಮುಟ್ಟಕೂಡದು.

ಮೂರನೆಯದು ಈ ಕಾಲದ ಪ್ರಶ್ನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕ್ಷಣಮಾತ್ರದಲ್ಲಿ ಪ್ರಬಂಧ ಸಿದ್ಧವಾಗುತ್ತದೆ. ಇನ್ನು ಈ ಶ್ರಮವೇಕೆ ಎನ್ನುತ್ತಾರೆ. ಹಿಂದಿನ ವರ್ಷದವರ ಹಾಳೆಯನ್ನು ನಕಲು ಮಾಡುವುದಕ್ಕೂ ಯಂತ್ರದ ಹಾಳೆಯನ್ನು ನಕಲು ಮಾಡುವುದಕ್ಕೂ ನನಗೆ ಭೇದ ಕಾಣುವುದಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಆ ಯಂತ್ರ ಜೊತೆಗಿರುವುದಿಲ್ಲ. ಇನ್ನೂ ಮುಖ್ಯವಾದುದೆಂದರೆ, ಬರೆಯುತ್ತ ಹೋದಂತೆಯೇ ನಮ್ಮ ಯೋಚನೆ ನಮಗೆ ತಿಳಿಯಾಗುತ್ತದೆ. ಬರೆಯುವುದನ್ನು ಇನ್ನೊಬ್ಬರಿಗೆ ಒಪ್ಪಿಸಿದರೆ ಯೋಚಿಸುವುದನ್ನೂ ಒಪ್ಪಿಸಿದಂತೆ.

ನಾನು ಕೇಳುವುದು ಬಹಳವಲ್ಲ. ಗ್ರಂಥಾಲಯದ ಒಂದು ಮೂಲೆ, ಒಂದು ಮೇಜು, ನಾಲ್ಕು ಕುರ್ಚಿ, ಒಂದು ಕನ್ನಡ ನಿಘಂಟು, ಒಂದು ಇಂಗ್ಲಿಷ್ ನಿಘಂಟು. ವಾರಕ್ಕೆ ಎರಡು ಸಂಜೆ. ಕೊನೆಯ ವರ್ಷದ ಆರು ಮಂದಿಯನ್ನು ಆರಿಸಿ, ಕನ್ನಡ ಹಾಗೂ ಇಂಗ್ಲಿಷ್ ವಿಭಾಗದ ಅಧ್ಯಾಪಕರು ಮೊದಲ ತಿಂಗಳು ಅವರಿಗೆ ದಾರಿ ತೋರಿಸಲಿ. ಬಂದವರಿಗೆ ಅರ್ಧ ಗಂಟೆ. ಮೊದಲು ಮೂರು ಪ್ರಶ್ನೆ: ಏನು ಹೇಳಬೇಕೆಂದಿದ್ದೀರಿ? ಯಾರಿಗೆ? ಅವರು ಅದನ್ನು ಏಕೆ ನಂಬಬೇಕು? ಕಾಗುಣಿತದ ಮಾತು ಆಮೇಲೆ. ಬಂದವರ ಹೆಸರನ್ನು ಯಾರಿಗೂ ತಿಳಿಸಬೇಕಾಗಿಲ್ಲ. ಅಂಕಗಳಿಗೂ ಇದಕ್ಕೂ ಸಂಬಂಧ ಬೇಡ. ಹರಿಯಾಣದ ಸೋನಿಪತ್‌ನಲ್ಲಿರುವ ಖಾಸಗಿ ಅಶೋಕ ವಿಶ್ವವಿದ್ಯಾಲಯದಲ್ಲಿ ಬರವಣಿಗೆಗೆಂದೇ ಒಂದು ಕೇಂದ್ರವಿದೆ. ದೊಡ್ಡ ಶುಲ್ಕ ಕೊಡಬಲ್ಲವರ ಮಕ್ಕಳಿಗೇ ಈ ನೆರವು ಅಗತ್ಯವೆಂದು ಕಂಡಿದ್ದರೆ, ನಮಗೆ ಅದು ಎಷ್ಟು ಅಗತ್ಯವಿರಬೇಕು!

ಕಾಲೇಜುಗಳಲ್ಲಿ ದೊಡ್ಡ ಕೆಲಸಗಳು ಸಣ್ಣದಾಗಿಯೇ ಮೊದಲಾಗಿವೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ನಾಟಕ'ವನ್ನು ಹೊರಡಿಸಿದಾಗ ಅವರ ಹಿಂದೆ ಇದ್ದುದು ಒಂದು ಕಾಲೇಜಿನ ಸಂಘ ಮಾತ್ರ. ನಮ್ಮ ಪ್ರಾಂಶುಪಾಲರೂ ಅಧ್ಯಾಪಕ ವರ್ಗದವರೂ ಈ ಸಲಹೆಯನ್ನು ಪರಿಶೀಲಿಸಬೇಕೆಂದು ಬಿನ್ನವಿಸುತ್ತೇನೆ. ಈ ಸಂಚಿಕೆ ನಿಮ್ಮ ಕೈ ಸೇರುವ ವೇಳೆಗೆ ನಾವು ಕೊನೆಯ ವರ್ಷದವರು ಪರೀಕ್ಷೆ ಬರೆದು ಹೊರಟಿರುತ್ತೇವೆ. ಆ ಮೇಜಿನ ಲಾಭ ನಮಗಿಲ್ಲ. ಎರಡನೆಯ ವರ್ಷದ ಮಿತ್ರರಲ್ಲಿ ಆರು ಮಂದಿ ಜೂನ್ ತಿಂಗಳಿಗೆ ಮೊದಲೇ ತಮ್ಮ ಹೆಸರು ಕೊಟ್ಟರೆ, ಹೊಸದಾಗಿ ಬರುವವರು ಮೊದಲ ಅಸೈನ್‌ಮೆಂಟನ್ನಾದರೂ ತಮ್ಮ ಮಾತಿನಲ್ಲಿ ಬರೆದಾರು.